ಹೂ ಬಿಟ್ಟ ಶ್ರೀತಾಳೆ

ಮರ ಕಡಿಯುವವನು ಗರಗಸದ ಮಿಶನ್ ಚಾಲೂ ಮಾಡಿದಾಗ ದೇಯಿ ಒಗೆದ ಅಂಗಿಯನ್ನು ಹಗ್ಗಕ್ಕೆ ಹಾಕುತ್ತಿದ್ದಳು. ಅಂಗಿ ಗಂಡನದು. ಅವನ ಉತ್ತರಕ್ರಿಯೆ ಮುಗಿದದ್ದು ನಿನ್ನೆ.

ಅಂಗಳದಾಚೆಯ ಶ್ರೀತಾಳೆ ಮರದ ನೆತ್ತಿಯ ತುಂಬ ಎಳೆಗಾಯಿ. "ಹೂ ಬಿಡುವ ಮೊದಲೇ ಕಡಿಯಬೇಕಿತ್ತು ಅತ್ತಿಗೆ," ಎಂದ ಮೈದುನ ಮೋಹನದಾಸ್. "ಇದು ಹೂ ಬಿಟ್ಟರೆ ಮನೆಯ ಯಜಮಾನ ಉಳಿಯುದಿಲ್ಲ ಅಂತ ಹಿರಿಯರು ಸುಮ್ಮನೆ ಹೇಳಿದ್ದಲ್ಲ."

ಗೇಟಿನ ಬಳಿ ಇಜಾಝ್ ನಿಂತಿದ್ದ. ಅಳಿಯುತ್ತಿರುವ ಈ ಮರದ ಬೀಜ ಹುಡುಕಿ, ಸಸಿ ಮಾಡಿ ಹಂಚುವವನು. ಜೀವಮಾನದಲ್ಲಿ ಒಂದೇ ಸಲ ಹೂ ಬಿಟ್ಟು, ಕಾಯಿ ಬಲಿತ ಮೇಲೆ ತಾನೇ ಸಾಯುವ ಮರ ಅದು. ವಾಮಂಜೂರಿನ ಸುತ್ತ ಅವನಿಗೆ ಸಿಕ್ಕಿದ್ದು ಇದೊಂದೇ. ಕಳೆದ ವರ್ಷ ಮೊಗ್ಗು ಕಂಡಾಗ, "ಎಂತ ಆಗುದಿಲ್ಲ ದೇಯಕ್ಕ," ಎಂದು ಕಡಿಯದಂತೆ ತಡೆದವನೂ ಅವನೇ. ಇವತ್ತು ಅವನು ಗೇಟು ದಾಟಿ ಒಳಗೆ ಬರಲಿಲ್ಲ.

ದೇಯಿ ಒದ್ದೆ ಅಂಗಿಯ ಗುಂಡಿಗಳನ್ನು ಒಂದೊಂದಾಗಿ ಹಾಕಿದಳು. ಕಾಲರ್ ಸರಿ ಮಾಡಿದಳು. ಇಜಾಝನ ಕಡೆ ನೋಡಲಿಲ್ಲ.

"ಮಿಶನ್ ನಿಲ್ಲಿಸ್ಲಿಕ್ಕೆ ಹೇಳು," ಎಂದಳು.

"ಅತ್ತಿಗೆ, ಈ ಮರ..."

"ತೆಗೊಂಡು ಹೋಗುದನ್ನು ಅದು ತೆಗೊಂಡು ಹೋಗಿ ಆಯ್ತು ಮೋಹನ. ಇನ್ನು ಕಡಿದು ಎಂತ ಉಂಟು? ಕಾಯಿ ಬಲಿಯಲಿ."