ಸಿನಿಮಾಕ್ಕೆ ಎರೆದ ಧಾರೆ

ತಾಳಿಗೆ ಎರಡನೆಯ ಗಂಟು ಬಿತ್ತು. ಮುನಿಯಲ್ಲಪ್ಪ ಕೂಗಲು ಬಾಯಿ ತೆರೆದ. ಕ್ಯಾಮೆರಾ ಓಡುವಾಗ ಯಾರೂ ಉಸಿರೆತ್ತಬಾರದೆಂದು ನಿರ್ದೇಶಕ ಮೊದಲೇ ಕೈಮುಗಿದು ಹೇಳಿದ್ದ. ತೆರೆದ ಬಾಯಿ ಮುಚ್ಚುವಷ್ಟರಲ್ಲಿ ಮೂರನೆಯದೂ ಬಿತ್ತು.

ಒಂದೇ ಗಂಟು ಎಂದು ಮಾತಾಗಿತ್ತು. ಗಂಡು ಒಂದು ಹಾಕುವುದು, ಉಳಿದೆರಡನ್ನು ಗಂಡಿನ ಅಕ್ಕನೋ ತಂಗಿಯೋ ಹಾಕುವುದು ಮುನಿಯಲ್ಲಪ್ಪನ ಜನರಲ್ಲಿ ಪದ್ಧತಿ. ಆ ಎರಡು ಬಿಟ್ಟರೆ ಮದುವೆಯಾದ ಹಾಗಲ್ಲ ಎಂಬ ಧೈರ್ಯದ ಮೇಲೆ ಅವನು ಮಗಳು ವರಲಕ್ಷ್ಮಿಯನ್ನು ಹಸೆಮಣೆಯ ಮೇಲೆ ಕೂರಿಸಿದ್ದ. ದೀಪ ಹಿಡಿದು ಹಿಂದೆ ನಿಂತಿದ್ದ ಜೂನಿಯರ್ ನಟಿಗೆ ಯಾರು ಹೇಳಿದರೋ, ಬಗ್ಗಿ ಎರಡನ್ನೂ ಬಿಗಿದೇ ಬಿಟ್ಟಳು.

ಉದ್ದನಪಲ್ಲಿಗೆ ಸಿನಿಮಾದವರು ಬಂದಿದ್ದೇ ವಿಚಿತ್ರ ಕಥೆ ಹಿಡಿದುಕೊಂಡು. ಒಬ್ಬ ಹುಡುಗಿಗೆ ದಿನಾ ಕನಸು. ಕನಸಿನಲ್ಲಿ ಮೀನು ಮರ ಹತ್ತುತ್ತದೆ, ಎಮ್ಮೆ ಟಿಕೆಟ್ ತೆಗೆದುಕೊಂಡು ಬಸ್ಸು ಹತ್ತುತ್ತದೆ. ಒಂದು ದಿನ ಕನಸಿನಲ್ಲಿ ಮದುವೆಯಾಗುತ್ತದೆ. ಎದ್ದು ನೋಡಿದರೆ ಕೊರಳಲ್ಲಿ ತಾಳಿ. ಯಾವುದು ಕನಸು, ಯಾವುದು ನಿಜ ಎಂದು ಅವಳಿಗೂ ತಿಳಿಯದು, ನೋಡುವವರಿಗೂ ತಿಳಿಯಬಾರದು. ನಿರ್ದೇಶಕ ಅರುಣ್‌ಕುಮಾರ್ ಜಗಲಿಯ ಮೇಲೆ ಕೂತು ಇದನ್ನು ಹೇಳಿದಾಗ ಮುನಿಯಲ್ಲಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ನಾಯಕಿಗೆ ಜ್ವರ, ಹೇಗೂ ಮುಖ ತೋರಿಸುವುದಿಲ್ಲ, ನಿಮ್ಮ ಮಗಳು ಕೂತರೆ ಸಾಕು ಎಂದಾಗ ಹೆಂಡತಿ ಮಂಗಮ್ಮನ ಕಡೆ ನೋಡಿದ. ಅವಳು ನಿಮ್ಮಿಷ್ಟ ಎಂದಳು.

ಮುಂದೆ ಅವನು ಮಾಡಿದ್ದು ಕೋಲು ಕೊಟ್ಟು ಹೊಡೆಸಿಕೊಂಡ ಹಾಗೆ. ಸುತ್ತ ಹತ್ತೂರಿನ ಮದುವೆಗಳಲ್ಲಿ ಶಾಸ್ತ್ರ ತಪ್ಪಿದರೆ ಎದ್ದು ನಿಂತು ತಿದ್ದುವವನು ಅವನು. ಸುಳ್ಳು ಮದುವೆಯೆಂದು ಸುಮ್ಮನಿರಲಾದೀತೇ? ಸೋಮವಾರ ಒಂಬತ್ತರವರೆಗೆ ರಾಹುಕಾಲ, ಆಮೇಲೆ ತೆಗೆಯಿರಿ ಎಂದ. ಬಣ್ಣದ ದಾರ ಎಸೆದು ಅರಿಶಿನದ ದಾರ ತರಿಸಿದ. ಅಪ್ಪನ ಪಾತ್ರದವನು ಚೆಂಬನ್ನು ಎಡಗೈಯಲ್ಲಿ ಹಿಡಿದದ್ದು ಕಂಡು ತಡೆಯಲಾಗದೆ, "ಹಂಗಲ್ಲ ಕಣ್ಲಾ, ಇತ್ತ ಕೊಡು" ಎಂದು ಕಿತ್ತುಕೊಂಡು ಹಾಲಿನ ಧಾರೆಯನ್ನು ತಾನೇ ಎರೆದ. ಬಾಸಿಂಗದ ಹಿಂದೆ ನಾಯಕನ ಮುಖ ಕಾಣಲಿಲ್ಲ. ಚೆನ್ನೈಯವನು, ಭಾಷೆ ಬಾರದು ಎಂದಿದ್ದರು. ಕೈ ಮಾತ್ರ ನಡುಗುತ್ತಿತ್ತು. ಒಳ್ಳೆಯ ನಟ ಎಂದುಕೊಂಡ.

ಮರುದಿನವೇ ತಂಗಿ ಶ್ಯಾಮಲಮ್ಮ ಬಂದಳು. ವರಲಕ್ಷ್ಮಿಯನ್ನು ಅವಳ ಮಗ ಚಲಪತಿಗೆ ಕೊಡುವುದೆಂದು, ಮಗು ತೊಟ್ಟಿಲಲ್ಲಿದ್ದಾಗಲೇ ಮುನಿಯಲ್ಲಪ್ಪ ಮಾತು ಕೊಟ್ಟಿದ್ದ. ಹೊಸೂರಿನ ಫ್ಯಾಕ್ಟರಿಯಲ್ಲಿ ಜೊತೆಗೆ ದುಡಿಯುವ ಮುನೀಶ್ ಎಂಬವನ ಹೆಸರನ್ನು ಮಗಳು ಎತ್ತಿದ ದಿನ, ಆ ಮಾತಿಗಾಗಿಯೇ ಉಣ್ಣುವುದನ್ನು ಬಿಟ್ಟು ಎದ್ದಿದ್ದ. ಅವನ ಮುಖವನ್ನೂ ನೋಡಲಾರೆ ಎಂದಿದ್ದ. ಚಲಪತಿಯ ಜೊತೆ ಮದುವೆಗೆ ಇನ್ನು ಒಂದೇ ತಿಂಗಳು.

"ಅಣ್ಣಯ್ಯ, ಅದು ಸಿನಿಮಾನೇ ಇರ್ಲಿ. ಎರೆದಿದ್ದು ನಿನ್ ಕೈ ತಾನೇ?" ಎಂದಳು ಶ್ಯಾಮಲಮ್ಮ. "ಒಂದು ಹೆಣ್ಣಿಗೆ ಎರಡು ಧಾರೆ ನಮ್ಮೋರಲ್ಲಿ ಎಲ್ಲೈತೆ?"

ಬೇರೆಯವರ ಮನೆಯಲ್ಲಿ ಹೀಗಾಗಿದ್ದರೆ ಮುನಿಯಲ್ಲಪ್ಪನೂ ಇದನ್ನೇ ಕೇಳುತ್ತಿದ್ದ. ತಾಳಿ ಬಿಚ್ಚಿಸೋಣವೆಂದರೆ ಮಂಗಮ್ಮ ಒಲ್ಲೆ ಎಂದಳು. ಗಂಡ ಸತ್ತವಳಿಗೆ ಮಾಡುವುದನ್ನು ಹೆತ್ತ ಮಗಳಿಗೆ ಹೇಗೆ ಮಾಡಲಿ ಎಂದಳು. ಮುನಿಯಲ್ಲಪ್ಪ ತಾನೇ ಬಿಚ್ಚಲು ಹೋದರೆ ಕೈ ಏಳಲಿಲ್ಲ. ವರಲಕ್ಷ್ಮಿ ಅದನ್ನು ಹಾಕಿಕೊಂಡೇ ಶಿಫ್ಟಿನ ಬಸ್ಸು ಹತ್ತುತ್ತಿದ್ದಳು. ಕೊಟ್ಟ ಮಾತೂ ಹೋಗುತ್ತದೆ, ತಂಗಿಯೂ ಹೋಗುತ್ತಾಳೆ. ಅವನು ಏನೂ ಮಾಡಲಾರ.

ಉಳಿದದ್ದು ಒಂದೇ ದಾರಿ. ಅರುಣ್‌ಕುಮಾರನನ್ನು ಕರೆತಂದು, ಇದು ಬರೀ ಸಿನಿಮಾ ಎಂದು ನಾಲ್ಕು ಜನರ ಎದುರು ಹೇಳಿಸಬೇಕು. ನಾಲ್ಕು ದಿನ ಹೊಸೂರೆಲ್ಲ ಸುತ್ತಿ, ಐದನೆಯ ದಿನ ಮೂಕಂಡಪಲ್ಲಿಯ ಒಂದು ಓಣಿಯಲ್ಲಿ ಅವನನ್ನು ಹಿಡಿದ. ಸಣ್ಣ ಅಂಗಡಿ. ಹೊಸಿಲಲ್ಲೇ ನಿಂತು, ತನ್ನ ಅರ್ಧ ವಯಸ್ಸಿನವನಿಗೆ ಕೈಮುಗಿದ.

"ನೀನು ಬಂದು ಒಂದು ಮಾತು ಹೇಳಪ್ಪಾ, ಸಿನಿಮಾ ಅಂತ. ನೀನಂದ್ರೆ ನನ್ ತಂಗಿ ನಂಬ್ತಾಳೆ."

ಅರುಣ್‌ಕುಮಾರ್ ಎದ್ದು ಬಂದು ಆ ಕೈಗಳನ್ನು ಹಿಡಿದು ಕೆಳಗಿಳಿಸಿದ.

"ಯಜಮಾನ್ರೇ, ನಾನು ಸಿನಿಮಾ ತೆಗ್ದೋನೇ ಅಲ್ಲ, ಮದ್ವೆ ವಿಡಿಯೋ ತೆಗೆಯೋನು, ಮುನೀಶಂದೂ ವರಲಕ್ಷ್ಮೀದೂ ಮದ್ವೆ ಐತೆ, ಬಾಪ್ಪಾ ಅಂತ ಕರೆದಿದ್ದು ನಿಮ್ಮ ಮನೆಯವರು ಮಂಗಮ್ಮನೋರೇ."