ಏಳಕ್ಕೆ ಏಳು

ಹಲಗೆಯ ತುದಿಯಲ್ಲಿ ಅಕ್ಕ ಒಂದು ಗಳಿಗೆ ನಿಂತಳು, ಬಗ್ಗಿ ಕೆಳಗೆ ನೋಡಿದಳು, ಆಮೇಲೆ ಮೆಟ್ಟಿಲಿಳಿಯುವವಳ ಹಾಗೆ ಕಾಲು ಮುಂದಿಟ್ಟುಬಿಟ್ಟಳು.

“ಅಯ್ಯೋ, ಕೆಡಿಸ್ಬಿಟ್ಯಲ್ಲೇ!” ತಂಗಿ ಓಡಿಬಂದು ಅವಳ ತಲೆಯಿಂದ ಕನ್ನಡಕ ಕಿತ್ತಳು.

ಹಲಗೆ ಇದ್ದದ್ದು ಪ್ರಯೋಗಶಾಲೆಯ ನೆಲದ ಮೇಲೆ, ಹೆಬ್ಬೆರಳಿನಷ್ಟು ಎತ್ತರದಲ್ಲಿ. ಆ ದಪ್ಪ ಕನ್ನಡಕ ಹಾಕಿಕೊಂಡರೆ ಮಾತ್ರ ಇಪ್ಪತ್ತನೇ ಮಹಡಿಯಿಂದ ಹೊರಗೆ ಚಾಚಿಕೊಂಡಂತೆ ಕಾಣುತ್ತಿತ್ತು. ಇಲ್ಲದ ಜಾಗದಲ್ಲಿ ತಾನು ‘ಇದ್ದೇನೆ’ ಎಂದು ಮನುಷ್ಯ ಎಷ್ಟು ನಂಬುತ್ತಾನೆ ಎಂಬುದನ್ನು ತಂಗಿ ಐದು ವರ್ಷದಿಂದ ಅಳೆಯುತ್ತಿದ್ದಳು. ನಂಬಿದವರು ಹೆದರುತ್ತಾರೆ, ಹೆದರದವರು ನಂಬಿಲ್ಲ. ಅಷ್ಟೇ ಸೂತ್ರ. ಮೂವತ್ತೊಂಬತ್ತು ಮಂದಿ ಹೆದರಿದ್ದರು. ಮೀಸೆ ತಿರುವುತ್ತ ಬಂದ ಕಾವಲುಗಾರನೂ ಅಂಬೆಗಾಲಿಟ್ಟು ವಾಪಸಾಗಿದ್ದ. ನಲವತ್ತನೆಯವರು ಕೈಕೊಟ್ಟಿದ್ದರಿಂದ, ಅಕ್ಕನನ್ನು ಗಳಿಗೆಗೊಮ್ಮೆ ಕೂಗಿ ಕರೆಯುವ, ಹಾಸಿಗೆ ಹಿಡಿದ ಅವಳ ಅತ್ತೆ ನಿದ್ದೆಹೋದ ಹೊತ್ತು ನೋಡಿ ಅರ್ಧ ಗಂಟೆ ಬಂದುಹೋಗೆಂದು ಅವಳನ್ನು ಕರೆಸಿಕೊಂಡಿದ್ದಳು.

“ಆಟ ಅಂದ್ಕೊಂಡ್ಯಾ? ನಿಜ ಅಂತ ಅನ್ನಿಸ್ಲೇ ಇಲ್ವಾ ನಿಂಗೆ?”

“ಅನ್ನಿಸ್ತಲ್ಲ.”

“ಸುಮ್ನಿರು. ನಿಜ ಅನ್ನಿಸಿದ್ರೆ ಯಾರಾದ್ರೂ ಕಾಲಿಡ್ತಾರಾ?”

ಅಕ್ಕ ಪ್ರಶ್ನೆಗಳ ಹಾಳೆ ತುಂಬಿಸಿಕೊಟ್ಟಳು. ಒಂದರಿಂದ ಏಳರವರೆಗೆ ಅಂಕ, ಏಳೆಂದರೆ ಪೂರ್ತಿ. ಅಲ್ಲೇ ಇದ್ದೇನೆ ಎನಿಸಿತೇ? ಏಳು. ಎತ್ತರ ನಿಜವೆನಿಸಿತೇ? ಏಳು. ಬಿದ್ದರೆ ಉಳಿಯುವುದಿಲ್ಲ ಎನಿಸಿತೇ? ಏಳು.

“ನನ್ನ ಮೆಚ್ಚಿಸೋಕೆ ಕಣ್ಣುಮುಚ್ಕೊಂಡು ಗೀಚಿದ್ಯಲ್ಲ ಮಾರಾಯ್ತಿ!” ತಂಗಿ ನಗುತ್ತಲೇ ಕಂಪ್ಯೂಟರಿನತ್ತ ತಿರುಗಿದಳು. ಬೆರಳಿಗೆ ಸಿಕ್ಕಿಸಿದ್ದ ಯಂತ್ರ ಅಕ್ಕನ ನಾಡಿಯ ಗೆರೆ ಎಳೆದಿತ್ತು. ಉಳಿದವರ ಗೆರೆ ಹಲಗೆಯ ತುದಿಯಲ್ಲಿ ಗುಡ್ಡ ಹತ್ತಿತ್ತು. ಅಕ್ಕನದು ಮೊದಲಿನಿಂದಲೂ ಏದುಸಿರು ಬಿಡುವಂತೆ ಓಡಿ, ತುದಿಗೆ ಬಂದದ್ದೇ ಇಳಿದು, ಕೊಡದಲ್ಲಿ ನಿಂತ ನೀರಿನ ಹಾಗೆ ಸಮವಾಗಿತ್ತು.

ಯಂತ್ರ ಕೆಟ್ಟಿರಬೇಕು. ತಂಗಿ ತನ್ನ ಬೆರಳಿಗೇ ಸಿಕ್ಕಿಸಿ ನೋಡಿದಳು. ಕೆಟ್ಟಿರಲಿಲ್ಲ.

“ಅಕ್ಕಾ,” ಅವಳ ದನಿ ಇಳಿಯಿತು, “ಕೆಳಗೆ ಏನ್ ಕಾಣಿಸ್ತು?”

“ರಸ್ತೆ. ಬೆಂಕಿಪೊಟ್ಟಣದಂಥ ಕಾರುಗಳು.” ಅಕ್ಕ ಕನ್ನಡಕದ ಮೇಲೆ ಬಿದ್ದಿದ್ದ ತನ್ನ ಬೆವರನ್ನು ಒರೆಸುತ್ತಿದ್ದಳು. “ಯಾರೂ ನನ್ನ ಕರೀತಿರ್ಲಿಲ್ಲ ಕಣೇ.”

ತಂಗಿ ಬೆರಳಿನ ಯಂತ್ರ ಕಳಚಿಟ್ಟಳು. ಹುಡುಕಿ ಹುಡುಕಿ ಸಿಕ್ಕಿದ್ದು ಒಂದೇ ಮಾತು. “ಭಾವಂಗೆ ಹೇಳ್ಲಾ?”

“ಹೇಳು. ಹೂಂ ಅಂತಾರೆ.”

ತಂಗಿಯ ಬಿಳಿಚಿಕೊಂಡ ಮುಖ ನೋಡಿ ಅಕ್ಕನಿಗೆ ಕಸಿವಿಸಿಯಾಯಿತು. “ನಿನ್ನ ಕೆಲ್ಸ ಹಾಳ್ಮಾಡ್ದೆ ಅನ್ಸತ್ತೆ. ಹೋಗ್ಲಿ ಬಿಡು, ಇನ್ನೊಂದ್ಸಲ ನಡೀತೀನಿ.” ಯಾರೂ ಹೇಳದೆಯೇ ಹಲಗೆ ಹತ್ತಿದಳು. ಕನ್ನಡಕ ಏರಿಸಿ, ಹಿಂದಿನ ಪಟ್ಟಿಯನ್ನು ತಾನೇ ಬಿಗಿದುಕೊಂಡಳು.

“ಈ ಸಲ ಅಷ್ಟು ಬೇಗ ತೆಗೀಬೇಡ, ಆಯ್ತಾ?”