ಎರಡು ಕಾಲಿನ ಅಳತೆ

“ಕೊರೊನಾ ಇಲ್ಲ ಅಂತ ರಿಪೋರ್ಟೇ ಹೇಳ್ತಿದೆಯಲ್ಲಮ್ಮ. ರಕ್ತ ಹೆಪ್ಪುಗಟ್ಟೋದೆಲ್ಲ ಅದು ಬಂದವರಿಗೆ. ಹೊಲಿಗೆ ಮಿಷನ್ ಮುಂದೆ ಕೂತು ಕೂತು ನಿಮ್ಮ ಕಾಲು ಊದಿದೆ, ಅಷ್ಟೆ,” ಎಂದ ವೈದ್ಯ, ತಲೆಯೆತ್ತದೆ ನೋವಿನ ಮಾತ್ರೆ ಬರೆದ.

ದರ್ಜಿ ಹೆಂಗಸಿಗೆ ಮೈಯೆಲ್ಲ ಉರಿದುಹೋಯಿತು. ಕೊರಳಲ್ಲಿದ್ದ ಟೇಪು ಎಳೆದು ಎರಡೂ ಮೀನಖಂಡಗಳನ್ನು ಅವನೆದುರೇ ಅಳೆದಳು. “ಎಡಗಾಲು ಹದಿಮೂರು ಇಂಚು, ಬಲಗಾಲು ಹದಿನೈದು. ಕೂತಿದ್ದಕ್ಕೇ ಆಗಿದ್ರೆ ಎರಡೂ ಊದಬೇಕಿತ್ತಲ್ಲ? ನಾನು ಬಟ್ಟೆ ಕತ್ತರಿಸೋಕೆ ಮುಂಚೆ ಮೈ ನೋಡ್ತೀನಿ ಡಾಕ್ಟ್ರೇ. ನೀವು ಬರೀ ಕಾಗದ ನೋಡ್ತೀರಿ!”

ವೈದ್ಯ ಎದ್ದು ಬಂದು ಬಲಗಾಲನ್ನು ಒತ್ತಿದ. ಅವಳು ಚೀರಿದಳು. ಅವನ ಮುಖ ಸಪ್ಪಗಾಯಿತು. “ಸಿಸ್ಟರ್, ಗಾಲಿಕುರ್ಚಿ ತನ್ನಿ, ಈಗಲೇ ಸ್ಕ್ಯಾನ್ ಆಗಬೇಕು. ಅಮ್ಮಾ, ಕಾಲಲ್ಲಿ ರಕ್ತ ಹೆಪ್ಪುಗಟ್ಟಿರಬಹುದು, ಅದು ಕದಲಿ ಶ್ವಾಸಕೋಶಕ್ಕೆ ಹೋದ್ರೆ ಅಪಾಯ. ನೀವು ಒಂದು ಹೆಜ್ಜೆನೂ ನಡೀಬೇಡಿ.”

“ಮೂರು ದಿನದಿಂದ ಇದೇ ಕಾಲಲ್ಲಿ ನಡ್ಕೊಂಡು ನಿಮ್ಮ ಹತ್ರಾನೇ ಬರ್ತಿದ್ದೀನಲ್ಲ!” ಎಂದಳು.